ದಾನವೊ, ವೇತನವೊ, ಋಣವೊ?

ವಿದ್ಯಾರ್ಥಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎಂದೂ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ. ಕಪಿಲೆ ಕಾವೇರಿಗಳ ದಡದ ಊರುಗಳಲ್ಲಿ ವಾರಾನ್ನವನ್ನುಂಡು ಓದಿ ಮುಂದೆ ಬಂದವರ ಸಂಖ್ಯೆ ಅಲ್ಪವಾದುದಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರವನ್ನು ಹಂಚಿಕೊಂಡು ಬಡ ಹುಡುಗನಿಗೆ ಎಲೆ ಹಾಕುತ್ತಿದ್ದ ಗೃಹಿಣಿಯರು ಅವನ ಓದಿನಿಂದ ತಮಗೇನು ಲಾಭವೆಂದು ವಿಚಾರಿಸಿದವರಲ್ಲ. ಆದರೆ ಅನ್ನವನ್ನು ಅಪೇಕ್ಷಿಸುವವನು ಹನ್ನೆರಡು ವರ್ಷದ ಬಾಲಕನಾಗಿರದೆ, ಎಂ. ಎ. ಪದವಿಯನ್ನೋ ಎಂ. ಎಸ್‌ಸಿ. ಪದವಿಯನ್ನೋ ಮುಗಿಸಿದ ಇಪ್ಪತ್ತೆಂಟು ವರ್ಷದ ಪ್ರೌಢನಾಗಿದ್ದರೆ, ಮತ್ತು ಅವನು ಅರಸುತ್ತಿರುವುದು ಗುರುವಿಗೆ ತಿಳಿದಿರುವ ವಿದ್ಯೆಯಾಗಿರದೆ ಯಾರಿಗೂ ಇನ್ನೂ ತಿಳಿಯದಿರುವ ಒಂದು ವಿಷಯವಾಗಿದ್ದರೆ, ಆಗ ನಾವು ಏನು ಹೇಳಬೇಕು? ಅವನಿಗೆ ಸಮಾಜವು ಕೊಡುವ ದ್ರವ್ಯವು ದಾನವೊ, ವೇತನವೊ, ಅಥವಾ ಮತ್ತಾವುದಾದರೂ ಒಂದು ಹೆಸರಿಗೆ ಯೋಗ್ಯವಾದುದೊ?

ಈ ಪ್ರಶ್ನೆಯು ಕೇವಲ ತರ್ಕದ ವಿನೋದಕ್ಕಾಗಿ ಎತ್ತಿದುದಲ್ಲ. ನಂಜನಗೂಡಿನಿಂದಲೂ ತಿರುಮಕೂಡಲು ನರಸೀಪುರದಿಂದಲೂ ಬೆಳಗ್ಗೆ ಮಾನಸಗಂಗೋತ್ರಿಗೆ ಹೋಗಿ ಸಂಜೆ ಹಿಂದಿರುಗುವ ಸಂಶೋಧನ ವಿದ್ಯಾರ್ಥಿಗಳಿರುವ ಮನೆಗಳು ಉಂಟು. ಅಂತಹ ಮನೆಗಳಲ್ಲಿ, ಓದು ನಿಲ್ಲಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ ತಮ್ಮನು ಸಂಬಳ ತರುತ್ತಿರುವಾಗ, ಅಣ್ಣನು ಬಸ್ಸಿನ ಖರ್ಚಿಗೆ ತಂದೆಯ ಮುಖವನ್ನು ನೋಡುತ್ತಿರುತ್ತಾನೆ. ಮಗಳಾದರೆ ಬಂಧುಗಳು ಅವಳ ಮದುವೆಯ ವಿಷಯವನ್ನೆತ್ತುತ್ತಾರೆ. “ಇದು ಮುಗಿಯುವುದು ಯಾವಾಗ? ಮುಗಿದ ಮೇಲೆ ಬರುವುದಾದರೂ ಏನು?” ಎಂದು ಕೇಳುವ ಹಿರಿಯರು ವಿದ್ಯಾದ್ವೇಷಿಗಳಲ್ಲ; ಮನೆಯ ಆಯವ್ಯಯವನ್ನು ಸರಿದೂಗಿಸಬೇಕಾದ ಗೃಹಸ್ಥರು. ಅವರಿಗೆ ಸಮಾಧಾನವಾಗುವಂತೆ ಉತ್ತರ ಹೇಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ಮೊದಲು ಈಗಿನ ಏರ್ಪಾಡನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪರೀಕ್ಷೆಯಲ್ಲಿ ಮೇಲಿನ ಸ್ಥಾನವನ್ನು ಪಡೆದು ಫೆಲೋಷಿಪ್ ಸಂಪಾದಿಸಿದವರಿಗೆ 2023ನೆಯ ಇಸವಿಯ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗಳೂ, ಎರಡು ವರ್ಷಗಳ ತರುವಾಯ 42,000 ರೂಪಾಯಿಗಳೂ ಗೊತ್ತಾದವು. ಈ ಫೆಲೋಷಿಪ್ ದೊರೆಯದವರಿಗೆ ಕೇಂದ್ರ ಸರ್ಕಾರದ ವಿಶ್ವವಿದ್ಯಾನಿಲಯಗಳಲ್ಲಿ ತಿಂಗಳಿಗೆ 8,000 ರೂಪಾಯಿಗಳ ಸಹಾಯವು ಗೊತ್ತಾಗಿ ಬಹಳ ವರ್ಷಗಳೇ ಕಳೆದಿವೆ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಓದುವವರಿಗೆ ಅದೂ ಅನ್ವಯಿಸುವುದಿಲ್ಲ. ಬೇರೆ ಇಲಾಖೆಗಳ ನೆರವು ದೊರೆತರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಒಂದೇ ಪುಸ್ತಕಭಂಡಾರದ ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಸಮಾನ ಶ್ರದ್ಧೆಯಿಂದ ಕೆಲಸಮಾಡುವ ಇಬ್ಬರಲ್ಲಿ ಒಬ್ಬನು ಸಂಸಾರವನ್ನು ಸಾಕಬಲ್ಲನು; ಇನ್ನೊಬ್ಬನು ಸಂಜೆಯಾಗುತ್ತಲೆ ಮನೆಪಾಠಕ್ಕೆ ಓಡಬೇಕು. ದೊರೆಯುವ ಹಣವೂ ಎಷ್ಟೋ ವೇಳೆ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. 2022ನೆಯ ನಿಯಮದಂತೆ ಪಿಎಚ್.ಡಿ. ಪ್ರಬಂಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಸ್ತ್ರೀಯರಿಗೆ ಇನ್ನೂ 2 ವರ್ಷಗಳ ಅವಕಾಶವಿದೆ. ಆರು ವರ್ಷ ಕಾಯುವುದೆಂದರೆ ಬಡವನ ಮನೆಯಲ್ಲಿ ಅದು ಒಂದು ಯುಗವೇ ಸರಿ.

ನಮ್ಮ ಪೂರ್ವಿಕರು ಇದಕ್ಕೆ ಏನು ಮಾಡಿದ್ದರು? ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಶಾಸನವೊಂದಿದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ, ಅವರ ದೀಪದ ವೆಚ್ಚಕ್ಕೆ ಭೂಮಿಯನ್ನೂ ಬಿಟ್ಟುದಲ್ಲದೆ, ಊರಿನ ಮದುವೆ ಮುಂಜಿಗಳಲ್ಲಿ ಶಾಲೆಗೆ ಕಾಣಿಕೆ ಸಲ್ಲತಕ್ಕದ್ದೆಂದು ಅದು ವಿಧಿಸುತ್ತದೆ. ಕಲಬುರಗಿ ಸೀಮೆಯ ನಾಗಾವಿಯಲ್ಲಿ 1058ರಲ್ಲಿ ವೇದವನ್ನೋದುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರವನ್ನೋದುವ ಸುಮಾರು 50 ಮಂದಿಗೂ ವೃತ್ತಿಯುಂಟಾಗಿತ್ತು. ಪುಸ್ತಕಗಳನ್ನು ನೋಡಿಕೊಳ್ಳುವುದಕ್ಕೆಂದೇ ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು. ಅಂದಮೇಲೆ ಪ್ರೌಢ ವಿದ್ಯಾರ್ಥಿಯ ಪೋಷಣೆಯು ಹೊರಗಿನಿಂದ ಬಂದ ಹೊಸ ಪದ್ಧತಿಯಲ್ಲ. ಆ ಪೋಷಣೆಯ ಹಿಂದಿನ ಭಾವವು ಯಾವುದೆಂಬುದೇ ನಮ್ಮ ವಿಚಾರಕ್ಕೆ ವಿಷಯ.

ಅದು ದಾನವೆಂಬುದು ಮೊದಲನೆಯ ಪಕ್ಷ. ಇದರಲ್ಲಿ ಔದಾರ್ಯವಿದೆ, ಆದರೂ ಎರಡು ದೋಷಗಳಿವೆ. ದಾನವು ದಾನಿಯ ಮನಸ್ಸನ್ನು ಆಶ್ರಯಿಸಿರತಕ್ಕದ್ದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ಪುಣ್ಯವಿಲ್ಲ, ಅಷ್ಟೆ, ತಡಮಾಡಿ ಕೊಟ್ಟರೂ ಕೇಳುವವರಿಲ್ಲ. ಆರು ತಿಂಗಳ ಸಹಾಯಧನವು ಬಾರದೆ ನಿಂತಾಗ ವಿದ್ಯಾರ್ಥಿಯು ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿ ಬರುವುದು ನಾವು ಅದನ್ನು ದಾನವೆಂದು ಭಾವಿಸಿರುವುದರಿಂದಲೇ. ಎರಡನೆಯದಾಗಿ, ದಾನವು ಪಾತ್ರನನ್ನು ತಾನೇ ಆರಿಸಿಕೊಳ್ಳುತ್ತದೆ. ವಾರಾನ್ನವನ್ನು ನಾವು ಎಷ್ಟು ಕೊಂಡಾಡಿದರೂ, ಆ ಎಲೆಯು ಸಾಮಾನ್ಯವಾಗಿ ಸ್ವಜಾತಿಯ ಹುಡುಗನಿಗೇ ಬೀಳುತ್ತಿತ್ತೆಂಬುದನ್ನು ಮರೆಯಲಾಗದು. ಅದೇ ಊರಿನ ಕೇರಿಯಲ್ಲಿ ಅವನಿಗಿಂತ ಮೇಧಾವಿಯಾದ ಬಾಲಕನಿದ್ದರೂ ಅವನಿಗೆ ಸೋಮವಾರವೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ. ವಿದ್ಯೆಯು ಸರ್ವಸಾಧಾರಣವಾಗಬೇಕಾದರೆ ಅದರ ಪೋಷಣೆಯು ಒಬ್ಬರ ಕೃಪೆಯನ್ನು ಅವಲಂಬಿಸಿರಬಾರದು.

ಹಾಗಾದರೆ ಅದು ವೇತನವೇ ಆಗಲಿ ಎಂಬುದು ಎರಡನೆಯ ಪಕ್ಷ. ಕೆಲಸಮಾಡಲಿ, ಹಣ ಪಡೆಯಲಿ, ಯಾರಿಗೂ ತಲೆಬಾಗಬೇಕಾಗಿಲ್ಲ. ಈ ವಾದದಲ್ಲಿ ಆತ್ಮಗೌರವವಿದೆ. ಆದರೆ ವೇತನವೆಂದರೆ ಅಳೆದು ಕೊಡತಕ್ಕದ್ದು. ಸಂಶೋಧನೆಯನ್ನು ಯಾವ ಕೊಳಗದಿಂದ ಅಳೆಯುವುದು? “ಬಾವಿ ತೋಡುವವನಿಗೆ ನೀರು ಬಂದರೂ ಬಾರದಿದ್ದರೂ ಕೂಲಿ ಕೊಡುವುದಿಲ್ಲವೆ?” ಎಂದು ಕೇಳಬಹುದು. ಕೊಡುತ್ತೇವೆ, ಆದರೆ ಎಲ್ಲಿ ತೋಡಬೇಕೆಂಬುದನ್ನು ತೋರಿಸುವವನು ಹೊಲದ ಒಡೆಯ. ಸಂಶೋಧಕನಾದರೋ ತೋಡುವ ಜಾಗವನ್ನೂ ತಾನೇ ಹುಡುಕಬೇಕು. ನೀರಿಲ್ಲದಿದ್ದರೆ ಇಲ್ಲವೆಂದು ತಾನೇ ಸಾರಬೇಕು. ನೀರು ಕಂಡರೆ ಮಾತ್ರ ಕೂಲಿಯೆಂದು ನಾವು ಕಟ್ಟುಮಾಡಿದರೆ, ದುರ್ಬಲನಾದವನು ರಾತ್ರಿ ಎರಡು ಕೊಡ ನೀರನ್ನು ಹೊತ್ತು ತಂದು ಬಾವಿಗೆ ಸುರಿದು ಬೆಳಗ್ಗೆ ನಮ್ಮನ್ನು ಕರೆದು ತೋರಿಸುತ್ತಾನೆ.

ಇದು ಊಹೆಯ ಮಾತಲ್ಲ. ಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಲೇಖನವನ್ನಾದರೂ ಪತ್ರಿಕೆಯಲ್ಲಿ ಪ್ರಕಟಿಸಿರಬೇಕು, ಎರಡು ಸಮ್ಮೇಳನಗಳಲ್ಲಿ ಓದಿರಬೇಕು ಎಂದು 2016ರ ನಿಯಮವು ವಿಧಿಸಿತು. ಉದ್ದೇಶವು ಒಳ್ಳೆಯದೇ; ಆದರೆ ಹಣ ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿಗೆ ಅದರಿಂದ ಗಿರಾಕಿಗಳು ಹೆಚ್ಚಿದರು. 2022ರ ನಿಯಮದಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಲಾಯಿತು. ಎಣಿಕೆಗೆ ಸಿಕ್ಕುವುದನ್ನೇ ಸಾರವೆಂದು ತಿಳಿದರೆ ಎಣಿಕೆಗೆ ಬೇಕಾದುದೇ ಬೆಳೆಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇನ್ನು ಫಲವನ್ನು ಮುಂಗಡವಾಗಿ ಗೊತ್ತುಮಾಡಲಾಗದೆಂಬುದಕ್ಕೆ ಮೈಸೂರೇ ಸಾಕ್ಷಿ. 1891ರಲ್ಲಿ ಸ್ಥಾಪಿತವಾದ ಓರಿಯೆಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಕೆಲಸದಲ್ಲಿದ್ದಾಗ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದು 1905ರಲ್ಲಿ ಲೋಕಕ್ಕೆ ತಿಳಿಯಿತು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದುವು. ಆ ಗ್ರಂಥವನ್ನು ಹುಡುಕಿಕೊಡಿರೆಂದು ಅವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಓಲೆಗಳ ನಡುವೆ ಕುಳಿತು ಓದುವುದಕ್ಕೆ ಒಂದು ಜಾಗ, ಒಂದು ದೀಪ, ಒಂದು ಸಂಬಳ, ಇಷ್ಟನ್ನು ಸಂಸ್ಥಾನವು ಒದಗಿಸಿತ್ತು. ಆ ಏರ್ಪಾಡಿಲ್ಲದಿದ್ದರೆ ಓಲೆಯನ್ನು ತಂದ ಪಂಡಿತರಿಗೆ ಅದನ್ನು ಕೊಡುವ ಸ್ಥಳವಾದರೂ ಎಲ್ಲಿತ್ತು?

ಪ್ರಯೋಜನವೇ ಮುಖ್ಯವೆನ್ನುವವರು ನಮ್ಮ ರಸಬಾಳೆಯನ್ನು ನೋಡಲಿ. ನಂಜನಗೂಡಿನ ಹೆಸರನ್ನು ಹೊತ್ತ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ತೋಟಗಳು ಪನಾಮಾ ಸೊರಗು ರೋಗದಿಂದ ಕ್ಷೀಣಿಸಿ, ಹಿಂದೆ ಮನೆಮನೆಗೂ ಬರುತ್ತಿದ್ದ ಹಣ್ಣು ಅಪರೂಪವಾಯಿತು. ಆ ರೋಗದ ಶಿಲೀಂಧ್ರವು ಬಾಳೆಯಿಲ್ಲದ ಮಣ್ಣಿನಲ್ಲಿಯೂ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಅಂತಹ ಶತ್ರುವನ್ನು ಅರಿಯಲು ಹೊರಟವನು ಮೂರು ವರ್ಷಗಳ ಕೊನೆಯಲ್ಲಿ “ಈ ಉಪಾಯವು ಫಲಿಸಲಿಲ್ಲ” ಎಂದು ಮಾತ್ರ ಬರೆಯಬಲ್ಲವನಾದರೆ, ಅವನ ಕೆಲಸವು ವ್ಯರ್ಥವಾಯಿತೆ? ಇಲ್ಲ. ಮುಂದಿನವನು ಅದೇ ದಾರಿಯಲ್ಲಿ ಹೋಗಿ ಇನ್ನು ಮೂರು ವರ್ಷ ಕಳೆಯುವುದು ತಪ್ಪಿತು. ವೇತನದ ಲೆಕ್ಕದಲ್ಲಿ ಇದು ಸೊನ್ನೆ; ಜ್ಞಾನದ ಲೆಕ್ಕದಲ್ಲಿ ಜಮೆ.

ಈಗ ಸಿದ್ಧಾಂತಪಕ್ಷಕ್ಕೆ ಬರೋಣ. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿದರು. ಇವುಗಳಲ್ಲಿ ಋಷಿಋಣವು ತೀರುವುದು ಅಧ್ಯಯನದಿಂದ. ಇದರ ಅರ್ಥವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು: ನಾವು ಬರೆಯುವ ಅಕ್ಷರ, ನುಂಗುವ ಔಷಧ, ಗದ್ದೆಗೆ ಬರುವ ನಾಲೆಯ ನೀರು, ಇವೆಲ್ಲವೂ ನಾವು ಹೆಸರನ್ನೂ ಅರಿಯದ ಯಾರೋ ಅರಿತು ಬಿಟ್ಟುಹೋದ ಜ್ಞಾನದ ಫಲ. ಅದನ್ನು ನಾವು ಬೆಲೆಕೊಟ್ಟು ಕೊಂಡುದಲ್ಲ. ಆದುದರಿಂದ ಜ್ಞಾನಕ್ಕೆ ಜ್ಞಾನವನ್ನು ಕೂಡಿಸಿ ಮುಂದಿನವರಿಗೆ ಒಪ್ಪಿಸುವುದು ಪ್ರತಿಯೊಬ್ಬನ ಸಾಲ. ಆದರೆ ಎಲ್ಲರಿಗೂ ಸಂಶೋಧನೆ ಸಾಧ್ಯವಲ್ಲ. ಹೊಲವನ್ನು ಉಳುವವನೂ ಅಂಗಡಿಯಲ್ಲಿ ಕುಳಿತವನೂ ಈ ಸಾಲವನ್ನು ತೀರಿಸುವುದೆಂತು? ತಮ್ಮ ಪರವಾಗಿ ಆ ಕೆಲಸವನ್ನು ಮಾಡಬಲ್ಲ ಒಬ್ಬನಿಗೆ ಅನ್ನವನ್ನೂ ಅವಕಾಶವನ್ನೂ ಒದಗಿಸುವುದರಿಂದ. ಸಂಶೋಧನ ವಿದ್ಯಾರ್ಥಿಗೆ ಸಲ್ಲುವ ಹಣವು ಸಮಾಜವು ತನ್ನ ಹಳೆಯ ಸಾಲಕ್ಕೆ ಕಟ್ಟುವ ಕಂತು. ಆ ಕಂತನ್ನು ವಿದ್ಯಾರ್ಥಿಯು ನ್ಯಾಸವಾಗಿ, ಅಂದರೆ ನಂಬಿಕೆಯ ಮೇಲೆ ಇಟ್ಟ ಸ್ವತ್ತಾಗಿ, ಪಡೆಯುತ್ತಾನೆ.

ಹೀಗೆ ತಿಳಿದರೆ ಇಬ್ಬರ ನಡತೆಯೂ ತಾನಾಗಿಯೇ ನಿರ್ಧಾರವಾಗುತ್ತದೆ. ಸಾಲ ತೀರಿಸುವವನಿಗೆ ತಡಮಾಡುವ ಹಕ್ಕಿಲ್ಲ. ತೀರಿಸುವಾಗ ಉಪಕಾರಮಾಡಿದವನಂತೆ ಮುಖವನ್ನೆತ್ತುವ ಹಕ್ಕೂ ಇಲ್ಲ. ನ್ಯಾಸವನ್ನು ಹಿಡಿದವನಿಗೆ ಅದನ್ನು ಬೇರೆಯದಕ್ಕೆ ಬಳಸುವ ಹಕ್ಕಿಲ್ಲ. ಅವನು ದೈನ್ಯದಿಂದ ಕುಗ್ಗಬೇಕಾದ ಕಾರಣವೂ ಇಲ್ಲ.

ನಂಜನಗೂಡಿಗೆ ಸಂಬಂಧಪಟ್ಟ ಒಂದು ಜೀವನವು ಇದಕ್ಕೆ ಉತ್ತಮ ದೃಷ್ಟಾಂತವಾಗಿದೆ. ಇಲ್ಲಿ ವಕೀಲರಾಗಿದ್ದ ಶಿವರಾಮಯ್ಯನವರ ಮಗಳು ರಾಜೇಶ್ವರಿಯವರು 1922ರಲ್ಲಿ ಜನಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅವಿವಾಹಿತೆಯಾದ ಕನ್ಯೆಯನ್ನು ಒಬ್ಬಳನ್ನೇ ಕಡಲಾಚೆಗೆ ಕಳುಹಿಸುವುದು ಆ ಕಾಲದಲ್ಲಿ ಸಾಮಾನ್ಯವಾದ ಮಾತಾಗಿರಲಿಲ್ಲ. ಮುಂದೆ ಅಲ್ಲಿ ಏಷ್ಯದ ಸ್ತ್ರೀಯರಿಗಾಗಿಯೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದ ಆಶ್ರಯದಲ್ಲಿ ವ್ಯಾಸಂಗವನ್ನು ಮುಂದುವರಿಸಿ, 1953ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿ, 1982ರವರೆಗೆ ಸೇವೆ ಸಲ್ಲಿಸಿ, 20 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದರು. ಅವರು ಕಾಲವಾದುದು 2010ರಲ್ಲಿ. ಒಬ್ಬ ವಿದ್ಯಾರ್ಥಿನಿಗೆ ಸಂದುದು 20 ಮಂದಿಗೆ ಹಂಚಿಹೋಯಿತು. ಆ ಇಪ್ಪತ್ತು ಮಂದಿಯಿಂದ ಎಷ್ಟು ಮಂದಿಗೆ ಹೋಯಿತೋ ಎಣಿಸಿದವರಾರು? ಋಣವು ತೀರುವ ಬಗೆಯೇ ಇದು. ಹಣವನ್ನು ಕೊಟ್ಟವರಿಗೆ ಹಣವನ್ನು ಹಿಂದಿರುಗಿಸಿದ್ದರೆ ಲೆಕ್ಕವು ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಸಂಶೋಧಕನ ಸಾಲಿಗರು ಸರ್ಕಾರ ಮತ್ತು ವಿಶ್ವವಿದ್ಯಾನಿಲಯಗಳು ಮಾತ್ರವೆಂದು ತಿಳಿಯಬಾರದು. ತಿರುಮಕೂಡಲಿನ ಸಂಗಮದ ಬಳಿ ವಿದ್ವಾಂಸರಾದ ಎಂ. ಶೇಷಾದ್ರಿಯವರು 1959ರಿಂದ ಮೊದಲುಗೊಂಡು ಉತ್ಖನನವನ್ನು ನಡೆಸಿ, ಅಲ್ಲಿ ನವಶಿಲಾಯುಗದ ಜನರು ನೆಲಸಿದ್ದರೆಂಬುದನ್ನು ತೋರಿಸಿದರು. ಸುಟ್ಟ ಮಣ್ಣಿನ ತಲೆಗಿಂಬೂ ಅಲ್ಲಿ ದೊರಕಿತು. ವರದಿಯು 1971ರಲ್ಲಿ ಅಚ್ಚಾಯಿತು. ನಮ್ಮೆರಡು ತಾಲ್ಲೂಕುಗಳ ಶಾಸನಗಳನ್ನು 1894ರಲ್ಲಿ ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಸೇರಿಸಿದರು; ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ನಂಜನಗೂಡಿನವನ್ನು 1974ರಲ್ಲಿಯೂ ನರಸೀಪುರದವನ್ನು 1976ರಲ್ಲಿಯೂ ಪರಿಷ್ಕರಿಸಿ ಹೊರತಂದಿತು. ಈ ಕಲ್ಲುಗಳ ಆಧಾರದ ಮೇಲೆ ಅನೇಕ ಪದವಿಗಳು ಸಂಪಾದಿತವಾಗಿವೆ. ಆದರೆ ಗದ್ದೆಯ ಬದುವಿನಲ್ಲಿ ಬಿದ್ದಿದ್ದ ಕಲ್ಲನ್ನು ಒಡೆದು ಚಪ್ಪಡಿ ಮಾಡಿಕೊಳ್ಳದೆ ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಒಕ್ಕಲಿಗನೂ, ಅದನ್ನು ತೋರಿಸಿಕೊಟ್ಟ ದನಗಾಹಿಯೂ ಆ ಪದವಿಯಲ್ಲಿ ಪಾಲುದಾರರಲ್ಲವೆ? ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರನೂ, ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವನೂ ತಮ್ಮ ಕಂಠದಲ್ಲಿರುವ ಸರ್ವಸ್ವವನ್ನು ಕೊಟ್ಟಮೇಲೆಯೇ ಜಾನಪದದ ಪ್ರಬಂಧವು ಹುಟ್ಟುವುದು. ವಿದ್ಯಾರ್ಥಿಗೆ ಮೊದಲನೆಯ ಸಹಾಯವು ಸಂದುದು ಅವರಿಂದ. ಅದಕ್ಕೆ ಯಾವ ಅರ್ಜಿಯೂ ಬೇಕಾಗಿರಲಿಲ್ಲ.

ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ವಾಸವಾಗಿದ್ದು ಅಲ್ಲಿಯ ಜೀವನವನ್ನು ಅಭ್ಯಾಸ ಮಾಡಿದರು. ಆಕ್ಸ್‌ಫರ್ಡಿನಲ್ಲಿ ಅವರಿಗೆ ಅಧ್ಯಾಪಕ ಪದವಿಯು ದೊರೆತಿದ್ದರೂ, ಮೊದಲ ವರ್ಷವನ್ನು ಹಳ್ಳಿಯಲ್ಲಿಯೇ ಕಳೆಯುವುದಕ್ಕೆ ಆ ವಿಶ್ವವಿದ್ಯಾನಿಲಯವು ಅವಕಾಶ ಕೊಟ್ಟಿತು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದುವು. ಆಗ ಅವರು ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಕಾಗದವು ಸುಟ್ಟರೂ ಹಳ್ಳಿಯವರು ಕೊಟ್ಟುದು ಅವರ ಮನಸ್ಸಿನಲ್ಲಿ ಉಳಿದಿತ್ತು. ತಾನು ಅಭ್ಯಾಸಮಾಡಿದ ಜನರನ್ನು ಕೇವಲ ವಿಷಯವಸ್ತುವೆಂದು ಕಂಡಿದ್ದವನಿಗೆ ಹೀಗೆ ಬರೆಯುವುದು ಸಾಧ್ಯವಾಗುತ್ತಿರಲಿಲ್ಲವೆಂದು ನಾನು ಭಾವಿಸುತ್ತೇನೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬಡ ವಿದ್ಯಾರ್ಥಿಯ ತಲೆಯ ಮೇಲೆ ಸಾಲವನ್ನೇ ಹೊರಿಸಿದಂತಾಗಲಿಲ್ಲವೆ? ಸರ್ಕಾರದ ಸಾಲ, ಊರಿನ ಸಾಲ, ಹಾಡುಗಾರನ ಸಾಲ ಎಂದು ಎಣಿಸುತ್ತ ಹೋದರೆ ಅವನು ಬರೆಯುವುದು ಯಾವಾಗ? ಇದಕ್ಕೆ ಸಮಾಧಾನವೇನೆಂದರೆ, ಈ ಸಾಲಿಗರೆಲ್ಲರೂ ಅವನಿಂದ ಕೇಳುವುದು ಎರಡನ್ನು ಮಾತ್ರ. ಒಂದು ಸತ್ಯ. 2018ರ ನಿಯಮವು ಕೃತಿಚೌರ್ಯವನ್ನು ಶೇಕಡಾ ಲೆಕ್ಕದಿಂದ ಅಳೆದು, ನೂರಕ್ಕೆ ಹತ್ತರವರೆಗೆ ದಂಡನೆಯಿಲ್ಲವೆಂದೂ ಅರವತ್ತನ್ನು ಮೀರಿದರೆ ನೋಂದಣಿಯೇ ರದ್ದೆಂದೂ ಹೇಳುತ್ತದೆ. ಕಾನೂನಿಗೆ ಲೆಕ್ಕ ಬೇಕು, ಸರಿ. ಆದರೆ ನ್ಯಾಸವನ್ನು ಹಿಡಿದವನಿಗೆ ನೂರಕ್ಕೆ ಹತ್ತನ್ನು ಕದಿಯಬಹುದೆಂಬ ಧರ್ಮವಿಲ್ಲ. ಇನ್ನೊಂದು, ಕಂಡುದನ್ನು ಕೊಟ್ಟವರಿಗೆ ತಿಳಿಯುವ ಮಾತಿನಲ್ಲಿ ಒಮ್ಮೆಯಾದರೂ ಹೇಳುವುದು. ಪ್ರಬಂಧಗಳು ಇಂದು ಶೋಧಗಂಗಾ ಎಂಬ ಭಂಡಾರದಲ್ಲಿ ಎಲ್ಲರಿಗೂ ತೆರೆದಿವೆ. ಆದರೆ ಇಂಗ್ಲಿಷಿನಲ್ಲಿ ಬರೆದ ನಾನ್ನೂರು ಪುಟಗಳು ತೆರೆದಿದ್ದರೂ ನೀಲಗಾರನ ಪಾಲಿಗೆ ಮುಚ್ಚಿದಂತೆಯೇ.

ರಘುವಂಶದ ಐದನೆಯ ಸರ್ಗದ ಕೌತ್ಸನ ಕಥೆಯು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ವಿದ್ಯೆ ಮುಗಿಸಿದ ಕೌತ್ಸನು ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿಯನ್ನು ಅರಸುತ್ತ ರಘುವಿನ ಬಳಿಗೆ ಬಂದನು. ಯಜ್ಞದಲ್ಲಿ ಸರ್ವಸ್ವವನ್ನೂ ಕೊಟ್ಟಿದ್ದ ರಾಜನು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದುದನ್ನು ಕಂಡು ಅವನು ಹಿಂದಿರುಗಹೊರಟನು. ರಾಜನು ತಡೆದನು, ಕುಬೇರನಿಂದ ಹೊನ್ನಿನ ಮಳೆಯಾಯಿತು. ಅದೆಲ್ಲವನ್ನೂ ಕೊಂಡೊಯ್ಯೆಂದು ರಾಜನು. ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕಾಸೂ ಬೇಡವೆಂದು ವಿದ್ಯಾರ್ಥಿ. ಬೇಡಿದುದಕ್ಕಿಂತ ಹೆಚ್ಚು ಕೊಡಬಯಸುವ ದಾತೃವನ್ನೂ ಬೇಕಾದುದಕ್ಕಿಂತ ಹೆಚ್ಚನ್ನು ಒಲ್ಲದ ಅರ್ಥಿಯನ್ನೂ ಸಾಕೇತದ ಜನರು ಸಮನಾಗಿ ಕೊಂಡಾಡಿದರೆಂದು ಕವಿಯು ವರ್ಣಿಸಿದ್ದಾನೆ. ರಘುವಿಗೆ ಅದು ದಾನವಾಗಿ ತೋರಿದ್ದರೆ ಬರಿಗೈಯಲ್ಲಿದ್ದಾಗ ಇಲ್ಲವೆಂದು ಹೇಳಿ ಬಿಡಬಹುದಾಗಿತ್ತು. ಕೌತ್ಸನಿಗೆ ಅದು ವೇತನವಾಗಿ ತೋರಿದ್ದರೆ ದೊರೆತಷ್ಟನ್ನೂ ಕಟ್ಟಿಕೊಂಡು ಹೋಗಬಹುದಾಗಿತ್ತು. ಇಬ್ಬರೂ ಅದನ್ನು ಋಣವೆಂದು ತಿಳಿದುದರಿಂದಲೇ ಇಬ್ಬರ ನಡತೆಯೂ ಶೋಭಿಸಿತು.

ಇಷ್ಟು ವಿಚಾರದಿಂದ ಆಚರಣೆಗೆ ಬರತಕ್ಕ ಕೆಲವು ಮಾತುಗಳು ಉಳಿಯುತ್ತವೆ. ಸಹಾಯಧನವು ಅಲ್ಪವೇ ಆಗಲಿ, ಗೊತ್ತಾದ ದಿನದಲ್ಲಿ ಸಲ್ಲುವಂತಾಗಬೇಕು. ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಓದುತ್ತಾನೆಂಬ ಕಾರಣಕ್ಕೆ ಯಾವ ಶ್ರದ್ಧಾವಂತನೂ ಬರಿಗೈಯಲ್ಲಿ ಉಳಿಯಬಾರದು. ನಮ್ಮಂತಹ ಸಂಘಗಳು ಈ ಎರಡು ತಾಲ್ಲೂಕುಗಳ ಸಂಶೋಧನ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಕರೆದು, ಅವರು ಕಂಡುದನ್ನು ಕನ್ನಡದಲ್ಲಿ ಒಂದು ಗಂಟೆ ಹೇಳಿಸಬೇಕು. ಫಲಿಸದೆ ಹೋದ ಪ್ರಯತ್ನವನ್ನೂ ಅಷ್ಟೇ ಆದರದಿಂದ ಕೇಳಬೇಕು. ಯಾವ ಊರಿನ ಕಲ್ಲನ್ನೋ ಹಾಡನ್ನೋ ಬೆಳೆಯನ್ನೋ ಕುರಿತು ಪ್ರಬಂಧ ಬರೆದರೋ ಆ ಊರಿನ ಶಾಲೆಗೆ ಅದರ ಕನ್ನಡ ಸಾರಾಂಶದ ಒಂದು ಪ್ರತಿಯನ್ನು ಕೊಡುವುದು ವಿದ್ಯಾರ್ಥಿಗೆ ಕಷ್ಟವಾದ ಕೆಲಸವಲ್ಲ. ಇನ್ನು ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯ ಮಗನನ್ನೋ ಮಗಳನ್ನೋ “ಯಾವಾಗ ಮುಗಿಯುತ್ತದೆ?” ಎಂದು ಕೇಳುವ ಮೊದಲು “ಈಗ ಏನನ್ನು ಹುಡುಕುತ್ತಿದ್ದೀಯೆ?” ಎಂದು ಒಮ್ಮೆ ಕೇಳಿರಿ. ಉತ್ತರವು ಅರ್ಥವಾಗದಿದ್ದರೆ ಅರ್ಥವಾಗುವವರೆಗೂ ಹೇಳೆಂದು ಒತ್ತಾಯಮಾಡಿರಿ. ಅದರಿಂದ ನಿಮಗೂ ತಿಳಿವಳಿಕೆಯುಂಟಾಗುವುದು. ಹೇಳುವವರಿಗೂ ತಾವು ಹುಡುಕುತ್ತಿರುವುದೇನೆಂಬುದು ಇನ್ನಷ್ಟು ಸ್ಪಷ್ಟವಾಗುವುದು.